ನಾವು ಕಳಿಸಿದ ದಿನ ಲೆಕ್ಕಕ್ಕಿಲ್ವಂತೆ!

ಆದಾಯ ತೆರಿಗೆ ಇಲಾಖೆಯ ಒಂದು ನಿಯಮವನ್ನ ಬೈಯೋಣ ಅಂತ ಕೂತಿದೀನಿ. ಬೇಜಾರು ಮಾಡ್ಕೊಳ್ದೆ ಓದಿ :)

ರಿಟರ್ನ್ಸ್ ಆನ್‌ಲೈನಲ್ಲಿ ಸಲ್ಲಿಸಿದ ಮೇಲೆ ದೃಢೀಕರಿಸಬೇಕು, ಗೊತ್ತಲ್ಲ. ಆಧಾರ್ ಓಟಿಪಿ ಬರೋರಿಗೆ ಎರಡು ನಿಮಿಷದ ಕೆಲಸ. ಬರದವರಿಗೆ ಇರೋ ಒಂದು ದಾರಿ, ಐಟಿಆರ್-ವಿ ಅನ್ನೋ ಹಾಳೆ ಪ್ರಿಂಟ್ ತೆಗೆದು, ಸಹಿ ಹಾಕಿ, ನಮ್ಮ ಬೆಂಗಳೂರಲ್ಲೇ ಇರೋ ಸಿಪಿಸಿಗೆ (ಪಿನ್ 560500) ಅಂಚೆಯಲ್ಲಿ ಕಳಿಸೋದು. "ಈ ಕಾಲದಲ್ಲಿ ಯಾರು ಗುರೂ ಪೋಸ್ಟ್ ಮಾಡ್ತಾರೆ?" ಅಂತ ಆಫೀಸಲ್ಲಿ ನಗ್ತಾರೆ. ನಮ್ಮ ದೊಡ್ಡಪ್ಪ ಮಾಡ್ತಾರೆ ಸ್ವಾಮಿ. ನಿವೃತ್ತ ಮೇಷ್ಟ್ರು. ಆಧಾರಿಗೆ ಕೊಟ್ಟಿದ್ದ ಮೊಬೈಲ್ ನಂಬರ್ ಯಾವತ್ತೋ ಬಂದ್ ಆಗಿದೆ, ನೆಟ್ ಬ್ಯಾಂಕಿಂಗ್ ಅಂದ್ರೆ ದುಡ್ಡು ಹೋಗತ್ತೆ ಅನ್ನೋ ಭಯ. ಇಲ್ಲಿನ ಸಿಮ್ ಬಿಟ್ಟು ವಿದೇಶ ಸೇರಿದ ಗೆಳೆಯರೂ ಇದಾರೆ.

ಮೊದಲು ಇದಕ್ಕೆ 120 ದಿನ ಇತ್ತು. 2022ರ ಆಗಸ್ಟ್ 1ರಿಂದ 30 ದಿನ ಮಾಡಿದ್ರು. ಇರ್ಲಿ, ಆಗ ಸ್ಪೀಡ್ ಪೋಸ್ಟ್ ಮಾಡಿದ ದಿನವನ್ನೇ ಲೆಕ್ಕ ಹಿಡೀತೀವಿ ಅಂತಾದ್ರೂ ಬರೆದಿದ್ರು. 2024ರ ಮಾರ್ಚ್ 31ರ ಅಧಿಸೂಚನೆಯಲ್ಲಿ ಅದು ಮಾಯ! ಹಾಳೆ ಸಿಪಿಸಿಗೆ ತಲುಪಿದ ದಿನವೇ ದಿನ. 30 ದಾಟಿತೋ, ರಿಟರ್ನ್ಸ್ ಸಲ್ಲಿಸಿದ್ದೇ ಆವತ್ತು ಅಂತ ಲೆಕ್ಕ. ಅಷ್ಟರಲ್ಲಿ ಗಡುವು ಮುಗಿದಿದ್ರೆ 5000 ರೂಪಾಯಿವರೆಗೆ ಶುಲ್ಕ, ಜೊತೆಗೆ ಷೇರಲ್ಲಾದ ನಷ್ಟವನ್ನ ಮುಂದಿನ ವರ್ಷಕ್ಕೆ ಒಯ್ಯೋ ಹಕ್ಕೂ ಖೋತಾ.

ಇದೇ ಸರ್ಕಾರ ನಮಗೆ ಕಾಗದ ಕಳಿಸುವಾಗ ನೋಡಿ. 1897ರ ಜನರಲ್ ಕ್ಲಾಸಸ್ ಕಾಯ್ದೆ, ಸೆಕ್ಷನ್ 27. ಸರಿಯಾದ ವಿಳಾಸ ಬರೆದು, ದುಡ್ಡು ಕಟ್ಟಿ, ರಿಜಿಸ್ಟರ್ಡ್ ಪೋಸ್ಟಿಗೆ ಹಾಕಿದ್ರೆ ಮುಗೀತು. ಮಾಮೂಲಾಗಿ ಎಷ್ಟು ದಿನಕ್ಕೆ ತಲುಪಬೇಕೋ ಅಷ್ಟಕ್ಕೆ ತಲುಪಿದೆ ಅಂತಲೇ ಭಾವಿಸಬೇಕು. ಬಂದಿಲ್ಲ ಅಂತ ಸಾಬೀತು ಮಾಡೋ ಗೋಳು ನಮ್ದು. (ರಿಜಿಸ್ಟರ್ಡ್ ಪೋಸ್ಟೇ 2025ರ ಸೆಪ್ಟೆಂಬರ್ 1ರಿಂದ ಸ್ಪೀಡ್ ಪೋಸ್ಟಲ್ಲಿ ಸೇರಿಹೋಯ್ತು, ಅದು ಬೇರೆ ಕತೆ.) ಅವರು ಕಳಿಸಿದ್ರೆ ಅಂಚೆಯಣ್ಣ ನಂಬಿಕಸ್ಥ, ನಾವು ಕಳಿಸಿದ್ರೆ ಅವನ ತಡಕ್ಕೆಲ್ಲ ನಾವೇ ಹೊಣೆ. ಇದ್ಯಾವ ನ್ಯಾಯ?

ಸಾವಿರಾರು ಲಕೋಟೆಗಳ ರವಾನೆ ದಿನ ಹುಡುಕ್ತಾ ಕೂರಕ್ಕಾಗತ್ತಾ ಅನ್ನಬಹುದು. ಯಾರೂ ಹುಡುಕೋದು ಬೇಡ. ಪ್ರತಿ ಸ್ಪೀಡ್ ಪೋಸ್ಟಿಗೂ 13 ಅಕ್ಷರದ ನಂಬರಿದೆ, ಬುಕ್ ಆದ ದಿನ ಅಂಚೆ ಇಲಾಖೆಯ ಕಂಪ್ಯೂಟರಲ್ಲಿದೆ. ಎರಡೂ ಕೇಂದ್ರ ಸರ್ಕಾರದ್ದೇ ಇಲಾಖೆ. ಲಕೋಟೆ ಮೇಲಿನ ಬಾರ್‌ಕೋಡ್ ಓದಿ ಆ ದಿನಾಂಕ ತರಿಸ್ಕೊಳ್ಳೋದು ನಮ್ಮ ಟೀಮಿನ ಫ್ರೆಶರ್ ಹುಡುಗ ಬರೆಯೋ ಕೋಡು. ಅಮೆರಿಕದ ತೆರಿಗೆ ಕಾನೂನಿನ 7502ನೇ ಸೆಕ್ಷನ್ನು ಅಂಚೆ ಮುದ್ರೆಯ ದಿನಾಂಕವನ್ನೇ ಸಲ್ಲಿಸಿದ ದಿನ ಅಂತ ಒಪ್ಪತ್ತೆ. ಅಷ್ಟು ದೂರ ಯಾಕೆ, 2022ರಲ್ಲಿ ಇವರೇ ಬರೆದ ಸಾಲನ್ನ ವಾಪಸ್ ತಂದ್ರೆ ಸಾಕು.

ತರೋವರೆಗೆ ನಿಮ್ಮನೇಲಿ ಯಾರಾದ್ರೂ ಪೋಸ್ಟ್ ಮಾಡೋರಿದ್ರೆ ರಿಟರ್ನ್ಸ್ ಹಾಕಿದ ವಾರದೊಳಗೇ ಮಾಡ್ಸಿ. ಸಾದಾ ಅಂಚೆಗೂ ಅವಕಾಶ ಇದೆ, ಆದ್ರೆ ಕೈಯಲ್ಲಿ ಸಾಕ್ಷಿ ಇರಲ್ಲ, ಸ್ಪೀಡ್ ಪೋಸ್ಟೇ ಇರ್ಲಿ. ಸಹಿ ಹಾಕಿದ ಹಾಳೆಯ ಒಂದು ನಕಲು ಇಟ್ಕೊಳ್ಳಿ. ರಸೀದಿಯ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗತ್ತೆ, ಆವತ್ತೇ ಫೋಟೋ ತೆಗೀರಿ. ತಲುಪಿತು ಅಂತ ಟ್ರ್ಯಾಕಿಂಗಲ್ಲಿ ಬಂದ ದಿನವೇ ಆ ಪುಟವನ್ನೂ ಉಳಿಸ್ಕೊಳ್ಳಿ.