ಲೈಬ್ರರಿ ಕಳಿಸುವ ಕ್ವೆರಿಯನ್ನೂ ಓದಿ
ಡೇಟಾಬೇಸ್ ಕೋಷ್ಟಕದ ಸಾಲೊಂದನ್ನು ಓದಿ, ತಿದ್ದಿ, ಮತ್ತೆ ಬರೆಯುವ ಕೆಲಸಕ್ಕೆ ಪೈಥಾನ್‌ನಲ್ಲಿ ನಾನು ಹೆಚ್ಚು ನಂಬುವುದು ಎಸ್‌ಕ್ಯೂಎಲ್‌ಆಲ್ಕೆಮಿಯನ್ನು. ಮೈಕ್ ಬೇಯರ್ 2006ರಲ್ಲಿ ಹೊರತಂದ ಮುಕ್ತ ಲೈಬ್ರರಿ ಇದು. ಒಂದು ಸೆಷನ್ನಿನೊಳಗೆ ಅದೇ ಸಾಲನ್ನು ಎಷ್ಟು ಸಲ ಕೇಳಿದರೂ ಒಂದೇ ಆಬ್ಜೆಕ್ಟ್ ಸಿಗುತ್ತದೆ. ಹಾಗಾಗಿ ಗ್ರಾಹಕರ ವಿಳಾಸ ಒಂದು ಕಡೆ ಹೊಸದು, ಇನ್ನೊಂದು ಕಡೆ ಹಳೆಯದು ಎಂಬ ಗೊಂದಲ ಹುಟ್ಟುವುದಿಲ್ಲ. ಇದು ಸಣ್ಣ ಉಪಕಾರವಲ್ಲ. ತಿದ್ದಿದ ಕಾಲಂಗಳನ್ನು ಲೈಬ್ರರಿಯೇ ಗುರುತಿಟ್ಟುಕೊಂಡು ಆಮೇಲೆ ಅವನ್ನಷ್ಟೇ ಬರೆಯುತ್ತದೆ. ಆದರೆ ನೂರು ಆರ್ಡರ್ ತಂದು, ಲೂಪಿನೊಳಗೆ ಒಂದೊಂದರ ಗ್ರಾಹಕರ ಹೆಸರು ಕೇಳಿದರೆ, ನಮಗರಿವಿಲ್ಲದೆ ಮತ್ತೆ ನೂರು ಕ್ವೆರಿ ಹೋಗಬಹುದು. ಹೊಸಬರಲ್ಲಿ ನನ್ನ ಕಳಕಳಿಯ ಕೋರಿಕೆ: ಮೊದಲು ಎಸ್‌ಕ್ಯೂಎಲ್ ಕಲಿಯಿರಿ, ಕ್ವೆರಿಗಳನ್ನು ತೋರಿಸುವ ‘ಎಕೋ’ ಆನ್ ಮಾಡಿ, ಲೈಬ್ರರಿ ಕಳಿಸುವ ಕ್ವೆರಿಗಳನ್ನು ಓದಿ. ಆ ನೂರು ಕ್ವೆರಿ ತಪ್ಪಿಸಿ, ಆರ್ಡರಿನ ಜೊತೆಗೇ ಗ್ರಾಹಕರನ್ನೂ ತರಲು ‘ಜಾಯಿನ್ಡ್‌ಲೋಡ್’ ಇದೆ.