ಕಿಟಕಿ ಬದಲಿಸುವ ಮುನ್ನ

ಮಾರ್ಚ್ ತಿಂಗಳು ಕಾಲಿಡುತ್ತಿದ್ದಂತೆ ಕರಾವಳಿಯ ಮನೆಮನೆಗಳಲ್ಲಿ ಎರಡು ಮಾತುಗಳು ಕೇಳಿ ಬರುತ್ತವೆ. ಒಂದು, ‘ಎಂಥ ಸೆಕೆ!’ ಇನ್ನೊಂದು, ‘ಈ ತಿಂಗಳು ಕರೆಂಟು ಬಿಲ್ಲು ಎಷ್ಟು ಬಂತು?’ ಇದರ ನಡುವೆ ಮನೆ ರಿಪೇರಿಗೆ ಬಂದ ಕಾಂಟ್ರಾಕ್ಟರ್ ಒಂದು ಸಲಹೆ ಕೊಡುತ್ತಾನೆ: ‘ಹಳೆಯ ಮರದ ಕಿಟಕಿ ತೆಗೆಸಿ, ಸ್ಲೈಡಿಂಗ್ ಹಾಕಿಸಿ. ನೋಡಲಿಕ್ಕೂ ಚೆಂದ.’ ಗಲ್ಫಿನಲ್ಲಿರುವ ಪತಿ ಫೋನಿನಲ್ಲೇ ಒಪ್ಪಿಗೆ ಕೊಡುತ್ತಾರೆ. ಬೆವರು ಸುರಿಸಿ ದುಡಿದ ಹಣ ಖರ್ಚಾಗುತ್ತದೆ. ಆದರೆ ಮುಂದಿನ ಏಪ್ರಿಲ್‌ನಲ್ಲಿ ಸೆಕೆ ಕಡಿಮೆಯಾಗಿರುವುದಿಲ್ಲ, ಬದಲಿಗೆ ಹೆಚ್ಚಾಗಿರುತ್ತದೆ. ಕೊನೆಗೆ ಎ.ಸಿ.ಯೇ ಗತಿ.

ಹೀಗೇಕಾಗುತ್ತದೆ? ಕಿಟಕಿಯನ್ನು ನಾವು ಅಲಂಕಾರದ ವಸ್ತುವಿನಂತೆ ಆರಿಸುವುದರಿಂದ. ಕಿಟಕಿ ಬೆಳಕು ಕೊಡಬೇಕು, ಗಾಳಿ ತರಬೇಕು, ಬಿಸಿಲು-ಮಳೆ ತಡೆಯಬೇಕು, ಹೊರಗಿನವರ ಕಣ್ಣಿನಿಂದ ಮರೆ ಕೊಡಬೇಕು. ಈ ನಾಲ್ಕೂ ಕೆಲಸ ಮಾಡುವ ಕಿಟಕಿಯಷ್ಟೇ ಖರ್ಚಿಗೆ ತಕ್ಕ ಕಿಟಕಿ. ಹಗಲಿಡೀ ಮನೆಯೊಳಗೆ ಇರುವವರು ನೀವು. ಯಾವ ಕೋಣೆ ಯಾವ ಹೊತ್ತಿಗೆ ಕಾಯುತ್ತದೆ, ಗಾಳಿ ಎಲ್ಲಿಂದ ಬರುತ್ತದೆ ಎಂಬುದು ಕಾಂಟ್ರಾಕ್ಟರನಿಗಿಂತ ನಿಮಗೆ ಚೆನ್ನಾಗಿ ಗೊತ್ತು. ಆದ್ದರಿಂದ ಆಯ್ಕೆಯೂ ನಿಮ್ಮದೇ ಆಗಿರಲಿ.

ಬಿಸಿಲನ್ನು ಹೊರಗೇ ತಡೆಯಿರಿ

ನಾಲ್ಕಡಿ ಅಗಲ, ನಾಲ್ಕಡಿ ಎತ್ತರದ ಸಾದಾ ಗಾಜಿನ ಕಿಟಕಿ ಪಶ್ಚಿಮಕ್ಕಿದೆ ಎಂದುಕೊಳ್ಳಿ. ಬೇಸಿಗೆಯ ಸಂಜೆ ಬಿಸಿಲು ನೇರವಾಗಿ ಅದರ ಮೇಲೆ ಬಿದ್ದಾಗ ಒಳಗೆ ಬರುವ ಶಾಖ, ಕೋಣೆಯಲ್ಲಿ ಒಂದು ಇಸ್ತ್ರಿ ಪೆಟ್ಟಿಗೆಯನ್ನು ಬಿಸಿ ಮಾಡಿಟ್ಟಷ್ಟು. ಒಳಗಿನಿಂದ ದಪ್ಪ ಪರದೆ ಎಳೆದರೆ ಬೆಳಕು ನಿಲ್ಲುತ್ತದೆ. ಆದರೆ ಶಾಖ ಆಗಲೇ ಗಾಜು ದಾಟಿ ಬಂದಿರುತ್ತದೆ. ಪರದೆ ಕಾಯುತ್ತದೆ, ಜೊತೆಗೆ ಕೋಣೆಯೂ ಕಾಯುತ್ತದೆ. ಅದೇ ಬಿದಿರಿನ ತಟ್ಟಿಯೊಂದನ್ನು ಕಿಟಕಿಯ ಹೊರಗೆ ಇಳಿಬಿಟ್ಟರೆ ಶಾಖ ಹೊರಗೇ ಉಳಿಯುತ್ತದೆ.

ದಿಕ್ಕು ನೋಡಿ ಉಪಾಯ ಮಾಡಬೇಕು. ದಕ್ಷಿಣದ ಕಿಟಕಿಗೆ ಮೇಲೊಂದು ಸನ್‌ಶೇಡ್ ಇದ್ದರೆ ಬಹುಮಟ್ಟಿಗೆ ಸಾಕು, ಏಕೆಂದರೆ ಮಧ್ಯಾಹ್ನದ ಸೂರ್ಯ ಎತ್ತರದಲ್ಲಿರುತ್ತಾನೆ. ಮಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ವಾಲಿರುವುದರಿಂದ ಉತ್ತರದ ಕಿಟಕಿಗೂ ಸನ್‌ಶೇಡ್ ಬೇಕು. ಪೂರ್ವ ಮತ್ತು ಪಶ್ಚಿಮದ ಬಿಸಿಲು ಓರೆಯಾಗಿ, ತಗ್ಗಿನಲ್ಲಿ ಬರುತ್ತದೆ. ಅದಕ್ಕೆ ಸನ್‌ಶೇಡ್ ಸಾಲದು. ತಟ್ಟಿ, ಚಡಿಗಳಿರುವ ಕದ, ಬಳ್ಳಿ ಹಬ್ಬಿಸಿದ ಚಪ್ಪರ ಅಥವಾ ಒಂದು ಮರ ಬೇಕು. ಹೊಸ ಕಿಟಕಿಗೆ ದುಡ್ಡು ಕೊಡುವ ಮುನ್ನ ಇದನ್ನು ಮಾಡಿ ನೋಡಿ. ಕಿಟಕಿ ಬದಲಿಸುವ ಅಗತ್ಯವೇ ಬೀಳದಿರಬಹುದು.

ತೆರೆದಾಗ ಎಷ್ಟು ತೆರೆಯುತ್ತದೆ?

ನಮ್ಮ ಸೆಕೆಯಲ್ಲಿ ಅರ್ಧ ಪಾಲು ತೇವಾಂಶದ್ದು. ಬೆವರು ಆರಬೇಕಾದರೆ ಗಾಳಿ ಆಡಬೇಕು. ಕೇಂದ್ರ ಸರಕಾರದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ‘ಇಕೋ ನಿವಾಸ್ ಸಂಹಿತಾ’ ಎಂಬ ವಸತಿ ಕಟ್ಟಡಗಳ ನಿಯಮಾವಳಿಯನ್ನು ಹೊರತಂದಿತು. ಕರಾವಳಿಯಂತಹ ಬಿಸಿ ಮತ್ತು ತೇವದ ಪ್ರದೇಶದಲ್ಲಿ, ಹೊರಕ್ಕೆ ತೆರೆಯಬಲ್ಲ ಕಿಟಕಿ, ಬಾಗಿಲು, ವೆಂಟಿಲೇಟರ್‌ಗಳ ಅಳತೆ ಮನೆಯ ಒಳ ನೆಲದ ಆರನೆಯ ಒಂದು ಭಾಗವಾದರೂ ಇರಬೇಕೆಂದು ಅದು ಹೇಳುತ್ತದೆ. ಬೆಂಗಳೂರಿನಂತಹ ಹಿತವಾದ ಹವೆಯ ಊರಿಗೆ ಎಂಟನೆಯ ಒಂದು ಭಾಗ ಸಾಕು.

ಇಲ್ಲಿ ‘ತೆರೆಯಬಲ್ಲ’ ಎಂಬ ಪದವನ್ನು ಗಮನಿಸಿ. ಎರಡು ಗಾಜಿನ ಸ್ಲೈಡಿಂಗ್ ಕಿಟಕಿ ಎಷ್ಟೇ ದೊಡ್ಡದಿದ್ದರೂ ತೆರೆಯುವುದು ಅರ್ಧ ಮಾತ್ರ. ಒಂದು ಗಾಜು ಇನ್ನೊಂದರ ಹಿಂದೆ ಸರಿದು ನಿಲ್ಲುತ್ತದೆ. ಬಿಜಾಗರಿಯ ಕದವಿರುವ ಹಳೆಯ ಮಾದರಿಯ ಕಿಟಕಿ ಸುಮಾರು ಶೇ. 90ರಷ್ಟು ತೆರೆಯುತ್ತದೆ. ಅಂದರೆ ನಾಲ್ಕಡಿ-ನಾಲ್ಕಡಿಯ ಕಿಟಕಿಯಲ್ಲಿ ಸ್ಲೈಡಿಂಗ್ ಆದರೆ 8 ಚದರಡಿ ಗಾಳಿ, ಕದವಾದರೆ 14 ಚದರಡಿಗೂ ಹೆಚ್ಚು. ಮರದ ಕಿಟಕಿ ತೆಗೆಸಿ ಸ್ಲೈಡಿಂಗ್ ಹಾಕಿಸಿದ ಮೇಲೆ ಸೆಕೆ ಹೆಚ್ಚಾಯಿತು ಎನ್ನುವುದರ ಗುಟ್ಟು ಇಷ್ಟೇ.

ಗಾಳಿ ಒಳಗೆ ಬರಬೇಕಾದರೆ ಹೊರಗೆ ಹೋಗಲೂ ದಾರಿ ಬೇಕು. ಕೋಣೆಗೆ ಒಂದೇ ಕಿಟಕಿ ಇದ್ದರೆ ಎದುರಿನ ಗೋಡೆಯಲ್ಲಿ, ಬಾಗಿಲ ಮೇಲೆ ವೆಂಟಿಲೇಟರ್ ಇಡಿಸಿ. ಬಿಸಿ ಗಾಳಿ ಮೇಲೇರುವುದರಿಂದ ಅದು ಅಲ್ಲಿಂದ ಸಲೀಸಾಗಿ ಹೋಗುತ್ತದೆ.

ಮರೆಯೂ ಬೇಕು, ಗಾಳಿಯೂ ಬೇಕು

ನಮ್ಮ ಎಷ್ಟೋ ಮನೆಗಳಲ್ಲಿ ರಸ್ತೆ ಬದಿಯ ಕಿಟಕಿಗಳು ಹಗಲಲ್ಲೂ ಮುಚ್ಚಿಯೇ ಇರುತ್ತವೆ. ಪಕ್ಕದ ಮನೆಯ ಮಹಡಿ ಅಷ್ಟು ಹತ್ತಿರ. ಅಡುಗೆಮನೆಯಲ್ಲಿ ಒಲೆಯ ಮುಂದೆ ನಿಂತವಳು ಗಾಳಿಯಿಲ್ಲದೆ ಬೇಯಬೇಕು. ಮರೆಗಾಗಿ ಗಾಳಿಯನ್ನು ಬಿಡಲೇಬೇಕೆಂದು ಯಾರು ಹೇಳಿದರು?

ಕೈರೋದ ಹಳೆಯ ಮನೆಗಳಲ್ಲಿ ‘ಮಶ್ರಬಿಯ್ಯಾ’ ಎಂಬ ಮರದ ಜಾಲಂಧ್ರದ ಕಿಟಕಿಗಳಿದ್ದವು. ಒಳಗಿನವರಿಗೆ ಬೀದಿ ಕಾಣುತ್ತಿತ್ತು, ಬೀದಿಯವರಿಗೆ ಒಳಗು ಕಾಣುತ್ತಿರಲಿಲ್ಲ. ಗಾಳಿ ಧಾರಾಳವಾಗಿ ಬರುತ್ತಿತ್ತು. ಕುಡಿಯುವ ನೀರಿನ ಮಣ್ಣಿನ ಹೂಜಿಗಳನ್ನು ತಣ್ಣಗಾಗಲು ಅಲ್ಲೇ ಇಡುತ್ತಿದ್ದರು. ಈಜಿಪ್ಟಿನ ವಾಸ್ತುಶಿಲ್ಪಿ ಹಸನ್ ಫತ್ಹಿ (1900-1989) ಇದರ ಗುಣಗಳನ್ನು ವಿವರವಾಗಿ ಬರೆದಿದ್ದಾರೆ. ನಮ್ಮ ಊರಿನ ಆಚಾರಿಗೂ ಇದು ಕಷ್ಟದ ಕೆಲಸವಲ್ಲ. ಕದದ ಕೆಳಭಾಗಕ್ಕೆ ಗಾಜಿನ ಬದಲು ಓರೆ ಪಟ್ಟಿಗಳ ಚಡಿ ಇಡಿಸಿದರೆ ಸಾಕು. ಮರೆಯೂ ಸಿಗುತ್ತದೆ, ಗಾಳಿಯೂ ಸಿಗುತ್ತದೆ, ಬಿಸಿಲೂ ನಿಲ್ಲುತ್ತದೆ.

ಕನ್ನಡಿಯಂತೆ ಹೊಳೆಯುವ ಗಾಜಿನ ಬಗ್ಗೆ ಒಂದು ಎಚ್ಚರಿಕೆ. ಅದು ಬೆಳಕು ಹೆಚ್ಚಿರುವ ಕಡೆಯಿಂದ ನೋಡಿದವರಿಗೆ ಮಾತ್ರ ಕನ್ನಡಿ. ಹಗಲಿನಲ್ಲಿ ಹೊರಗಿನವರಿಗೆ ಏನೂ ಕಾಣದು. ರಾತ್ರಿ ನೀವು ಒಳಗೆ ದೀಪ ಹಾಕಿದಿರೋ, ಹೊರಗಿನ ಕತ್ತಲಲ್ಲಿ ನಿಂತವರಿಗೆ ಎಲ್ಲವೂ ಕಾಣುತ್ತದೆ. ಅದನ್ನು ನಂಬಿ ಪರದೆ ತೆಗೆಯಬೇಡಿ.

ಗಾಜು ಮತ್ತು ಚೌಕಟ್ಟು

ಎ.ಸಿ. ಇಲ್ಲದ ಕೋಣೆಗೆ ದುಬಾರಿ ಗಾಜು ಬೇಡ. ತೆರೆದಿಟ್ಟ ಕಿಟಕಿಯಲ್ಲಿ ಅದರಿಂದ ಆಗುವ ಪ್ರಯೋಜನ ಅತ್ಯಲ್ಪ. ಎ.ಸಿ. ಇರುವ ಕೋಣೆಗೆ ಮಾತ್ರ ಯೋಚಿಸಿ. ಎರಡು ಪದರದ ಗಾಜಿನಿಂದ, ಹೊರಗಿನ ಬಿಸಿಗಾಳಿಯಿಂದಾಗಿ ಗಾಜಿನ ಮೂಲಕ ದಾಟಿ ಬರುವ ಶಾಖ ಒಂಟಿ ಗಾಜಿನಲ್ಲಿ ಬರುವುದರ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆದರೆ ಸಾದಾ ಗಾಜೇ ಎರಡು ಪದರವಿದ್ದರೆ ಬಿಸಿಲಿನ ಬಹುಪಾಲು ನೇರವಾಗಿ ಒಳಗೆ ಬಂದೇ ಬರುತ್ತದೆ. ಆದ್ದರಿಂದ ಅಂಗಡಿಯಲ್ಲಿ ಗಾಜಿನ ‘ಎಸ್‌ಎಚ್‌ಜಿಸಿ’ ಎಷ್ಟೆಂದು ಕೇಳಿ. ಗಾಜಿನ ಮೇಲೆ ಬಿದ್ದ ಬಿಸಿಲಿನ ಶಾಖದಲ್ಲಿ ಎಷ್ಟು ಪಾಲು ಒಳಗೆ ಬರುತ್ತದೆ ಎಂಬುದರ ಅಂಕಿ ಅದು. ಸಾದಾ ಗಾಜಿಗೆ ಸುಮಾರು 0.8. ಬಿಸಿಲು ತಡೆಯುವ ಗಾಜುಗಳಲ್ಲಿ 0.4ಕ್ಕಿಂತ ಕಡಿಮೆಯವೂ ಸಿಗುತ್ತವೆ. ತೀರಾ ಕಪ್ಪು ಗಾಜು ಹಾಕಿಸಿದರೆ ಹಗಲಲ್ಲೇ ದೀಪ ಉರಿಸಬೇಕಾಗುತ್ತದೆ. ದುಬೈ, ದಮ್ಮಾಮ್‌ಗಳಲ್ಲಿ ಹೆಚ್ಚುಕಡಿಮೆ ವರ್ಷವಿಡೀ ಎ.ಸಿ. ಓಡುವ ಫ್ಲಾಟುಗಳಿಗೆ ಇಂಥ ಎರಡು ಪದರದ ಗಾಜು ಸರಿಯೇ. ಅಲ್ಲಿ ಕಂಡದ್ದನ್ನೆಲ್ಲ ಇಲ್ಲಿಯೂ ಹಾಕಿಸಬೇಕೆಂದಿಲ್ಲ.

ಚೌಕಟ್ಟಿನ ವಿಷಯ. ಹಳೆಯ ತೇಗ, ಹಲಸಿನ ಚೌಕಟ್ಟು ಗೆದ್ದಲು ಹಿಡಿಯದೆ ಗಟ್ಟಿಯಾಗಿದ್ದರೆ ದಯವಿಟ್ಟು ಕೀಳಿಸಬೇಡಿ. ಮರ ಶಾಖವನ್ನು ಸುಲಭವಾಗಿ ಬಿಡುವುದಿಲ್ಲ. ಕದ ಸರಿಪಡಿಸಿ, ಅಂಚಿಗೆ ರಬ್ಬರ್ ಪಟ್ಟಿ ಹಾಕಿಸಿ, ಒಳಗೆ ಸೊಳ್ಳೆ ಜಾಲರಿಯ ಕದ ಕೂರಿಸಿದರೆ ಕಡಿಮೆ ಖರ್ಚಿನಲ್ಲಿ ಹೊಸ ಕಿಟಕಿಯೇ ಆಯಿತು. ಬದಲಿಸಲೇಬೇಕಾದರೆ ಯುಪಿವಿಸಿ ಒಳ್ಳೆಯದು. ಅಲ್ಯೂಮಿನಿಯಂ ಹಗುರ, ಬಾಳಿಕೆಯದು. ಆದರೆ ಅದು ಲೋಹವಾದ್ದರಿಂದ ಹೊರಗಿನ ಬಿಸಿಯನ್ನು ಒಳಗೆ ದಾಟಿಸುತ್ತದೆ. ಯುಪಿವಿಸಿ ಕೊಳ್ಳುವಾಗ ಒಳಗೆ ತುಕ್ಕು ಹಿಡಿಯದ ಉಕ್ಕಿನ ಪಟ್ಟಿ ಇದೆಯೇ ಎಂದು ತುಂಡೊಂದನ್ನು ಕೊಯ್ದು ತೋರಿಸಲು ಹೇಳಿ. ಅಗ್ಗದ ಮಾಲು ಬಿಸಿಲಿಗೆ ಹಳದಿಯಾಗುತ್ತದೆ. ಸಮುದ್ರದ ಹತ್ತಿರವಿರುವವರು ಬಿಜಾಗರಿ, ಬೋಲ್ಟು, ಸ್ಕ್ರೂಗಳನ್ನು 316 ಸಂಖ್ಯೆಯ ಸ್ಟೇನ್‌ಲೆಸ್ ಸ್ಟೀಲಿನದೇ ಕೇಳಿ. ಉಪ್ಪುಗಾಳಿಗೆ ಉಳಿದವು ಬೇಗ ತುಕ್ಕು ಹಿಡಿಯುತ್ತವೆ. ಮಕ್ಕಳ ಕೈಗೆಟಕುವ ತಗ್ಗಿನ ಕಿಟಕಿಗೆ ಟಫನ್ಡ್ ಗಾಜು ಹಾಕಿಸಿ. ಅದು ಒಡೆದರೂ ಸಣ್ಣ ಚೂರುಗಳಾಗುತ್ತದೆ, ಚೂರಿಯಂತೆ ಇರಿಯುವುದಿಲ್ಲ.

ಕೂರಿಸುವಾಗ ಎದುರಿಗಿರಿ

ಒಳ್ಳೆಯ ಕಿಟಕಿಯೂ ಕೆಟ್ಟ ಕೆಲಸದಿಂದ ಹಾಳಾಗುತ್ತದೆ. ಮಳೆಗಾಲಕ್ಕೆ ಮುಂಚೆ, ಗೋಡೆ ಒಣಗಿರುವಾಗ ಕೆಲಸ ಮುಗಿಸಿ. ಒದ್ದೆ ಗೋಡೆಗೆ ಸಿಲಿಕಾನ್ ಅಂಟುವುದಿಲ್ಲ. ಅಗಲ ಮತ್ತು ಎತ್ತರವನ್ನು ಮೂರು ಮೂರು ಕಡೆ ಅಳೆಯಲಿ, ಮೂಲೆಯಿಂದ ಮೂಲೆಗೂ ಅಳೆಯಲಿ. ಕೆಂಪುಕಲ್ಲಿನ ಹಳೆಯ ಗೋಡೆಗಳು ಎಲ್ಲೆಡೆ ಒಂದೇ ಸಮ ಇರುವುದಿಲ್ಲ. ಕಿಂಡಿಯನ್ನು ಅಗಲ ಮಾಡುವುದಾದರೆ ಮೇಲಿನ ಲಿಂಟಲ್ ಅದಕ್ಕೆ ಸಾಲುತ್ತದೆಯೇ ಎಂದು ಇಂಜಿನಿಯರರನ್ನು ಕೇಳದೆ ಗೋಡೆ ಮುಟ್ಟಬೇಡಿ. ಚೌಕಟ್ಟು ಮತ್ತು ಗೋಡೆಯ ನಡುವಿನ ಸಂದನ್ನು ಫೋಮ್ ತುಂಬಿ, ಹೊರಗೆ ಸಿಲಿಕಾನಿನಿಂದ ಮುಚ್ಚಬೇಕು. ಫೋಮನ್ನು ಬಯಲಿಗೆ ಬಿಟ್ಟರೆ ಬಿಸಿಲಿಗೆ ಪುಡಿಯಾಗುತ್ತದೆ. ಕಿಟಕಿಯ ಕೆಳಗಿನ ಕಟ್ಟೆ ಹೊರಕ್ಕೆ ಇಳಿಜಾರಾಗಿರಲಿ. ಚೌಕಟ್ಟಿನ ಅಡಿಯಲ್ಲಿ ನೀರು ಹೋಗಲು ಇರುವ ಸಣ್ಣ ತೂತುಗಳು ಸಿಮೆಂಟಿನಲ್ಲಿ ಮುಚ್ಚಿಹೋಗದಿರಲಿ. ಪೂರ್ತಿ ಹಣ ಕೊಡುವ ಮೊದಲು ಹೊರಗಿನಿಂದ ಪೈಪಿನಲ್ಲಿ ನೀರು ಹೊಡೆದು ನೋಡಿ.

ಎ.ಸಿ. ಕೋಣೆಯ ಸಂದುಗಳನ್ನು ಬಿಗಿಯಾಗಿ ಮುಚ್ಚಿದರೆ ವಿದ್ಯುತ್ ಉಳಿಯುತ್ತದೆ. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕೆಂಬ ನಿಯಮವಿರುವುದರಿಂದ, ದಿನಕ್ಕೆ ಒಂದೆರಡು ಯೂನಿಟ್ ಉಳಿಸುವುದೂ ಸಣ್ಣ ಮಾತಲ್ಲ. ಆದರೆ ಇದೇ ಬಿಗಿತನ ಅಡುಗೆಮನೆಯಲ್ಲಿ ಬೇಡ. ಗ್ಯಾಸ್ ಗೀಸರ್ ಇರುವ ಬಚ್ಚಲುಮನೆಯಲ್ಲಂತೂ ಖಂಡಿತ ಬೇಡ. ಗಾಳಿ ಸಾಲದೆ ಗ್ಯಾಸ್ ಉರಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಸದ್ದಿಲ್ಲದೆ ಪ್ರಾಣ ತೆಗೆಯುತ್ತದೆ. ಆ ಕಿಟಕಿಗೆ ಎಂದೂ ಮುಚ್ಚದ ಚಡಿಯೊಂದು ಇರಲೇಬೇಕು. ಗೀಸರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಹಾಕಿಸುವುದು ಇನ್ನೂ ಕ್ಷೇಮ.

ಎಲ್ಲ ಕಿಟಕಿಗಳನ್ನೂ ಒಂದೇ ಬಾರಿಗೆ ಬದಲಿಸುವ ಅಗತ್ಯವಿಲ್ಲ. ಈ ವಾರ ಒಂದು ಕಾಗದದಲ್ಲಿ ಮನೆಯ ಕೋಣೆಗಳನ್ನು ಬರೆಯಿರಿ. ಯಾವುದಕ್ಕೆ ನೆರಳು ಬೇಕು, ಯಾವುದಕ್ಕೆ ಗಾಳಿ ಬೇಕು, ಯಾವುದಕ್ಕೆ ಮರೆ ಬೇಕು ಎಂದು ಗುರುತು ಹಾಕಿ. ನೀವು ದಿನದ ಹೆಚ್ಚು ಹೊತ್ತು ಕಳೆಯುವ ಕೋಣೆಯಿಂದ ಆರಂಭಿಸಿ. ಹೆಚ್ಚಿನವರ ಪಟ್ಟಿಯಲ್ಲಿ ಅದು ಅಡುಗೆಮನೆಯೇ ಆಗಿರುತ್ತದೆ. ಅತಿಥಿಗಳು ಕೂರುವ ಹಾಲ್‌ನ ಸರದಿ ಆಮೇಲೆ ಬರಲಿ.