ಬೈಕಿನ ಟೈರು: ಆಯ್ಕೆ ಡಾಂಬರು ರಸ್ತೆಗಾಗಿ ಇರಲಿ

ಮೃಗಶಿರ ಮಳೆ ಹಿಡಿಯುವ ಮೊದಲೇ ನಮ್ಮ ಬೆಳೆಗಾರರು ಮೈಲುತುತ್ತ, ಸುಣ್ಣ ತಂದಿಟ್ಟುಕೊಳ್ಳುತ್ತಾರೆ. ಕೊನೆಗಾರನಿಗೆ ಮುಂಚಿತವಾಗಿ ಹೇಳಿಡುತ್ತಾರೆ. ಕೊಳೆ ಬಂದ ಮೇಲೆ ಮದ್ದು ಹೊಡೆದು ಪ್ರಯೋಜನವಿಲ್ಲವೆಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅದೇ ತುತ್ತದ ಚೀಲವನ್ನು ಪೇಟೆಯಿಂದ ಮನೆಗೆ ತರುವ ಬೈಕಿನ ಟೈರಿನ ವಿಷಯದಲ್ಲಿ ಈ ಮುಂದಾಲೋಚನೆ ಕಾಣುವುದಿಲ್ಲ. ಪಂಕ್ಚರ್ ಅಂಗಡಿಯವನು "ಇನ್ನು ಇದು ಆಗುವುದಿಲ್ಲ" ಎಂದ ದಿನವೇ ಟೈರು ಬದಲಾಯಿಸುವ ದಿನ. ಆ ಹೊತ್ತಿಗೆ ಅಂಗಡಿಯಲ್ಲಿ ಯಾವುದಿದೆಯೋ ಅದೇ ಆಯ್ಕೆ. ಈ ಬಗ್ಗೆ ನಾಲ್ಕು ಮಾತು ಬರೆಯುವುದು ಅಗತ್ಯವೆಂದು ನಮಗೆ ತೋರಿದೆ.

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ತೋಟದ ಮನೆಗಳಲ್ಲಿ ಬೈಕು ಶೋಕಿಯ ವಸ್ತುವಲ್ಲ. ಡೈರಿಗೆ ಹಾಲು, ಮನೆಗೆ ಹಿಂಡಿ, ಶಾಲೆಗೆ ಮಕ್ಕಳು, ಡಾಕ್ಟರ ಬಳಿಗೆ ವೃದ್ಧರು, ಎಲ್ಲವೂ ಹೋಗುವುದು ಅದರ ಮೇಲೆಯೇ. ಒಂಟಿ ಮನೆಗಳ ಈ ಸೀಮೆಯಲ್ಲಿ ಮನೆ ನಡೆಸುವವನು ಮಳೆಗಾಲದಲ್ಲಿ ಬಿದ್ದು ಕಾಲು ಮುರಿದುಕೊಂಡರೆ ಮದ್ದು ಹೊಡೆಸುವವರಿಲ್ಲ, ಮುಂದೆ ಕೊಯ್ಲು ನೋಡಿಕೊಳ್ಳುವವರೂ ಇಲ್ಲ. ಒಂದು ಟೈರಿನ ಬೆಲೆಯನ್ನು ಈ ನಷ್ಟದೊಂದಿಗೆ ತೂಗಿ ನೋಡಬೇಕು.

ಇತ್ತೀಚೆಗೆ ನಮ್ಮ ಯುವಕರಲ್ಲಿ ಒಂದು ನಂಬಿಕೆ ಬೆಳೆದಿದೆ. ನಮ್ಮದು ಕೆಸರಿನ ಊರು, ಆದ್ದರಿಂದ ದೊಡ್ಡ ದೊಡ್ಡ ಬಟನ್ ಇರುವ ಟೈರೇ ಆಗಬೇಕು ಎಂಬುದು ಆ ನಂಬಿಕೆ. ಇದನ್ನು ನಾವು ಒಪ್ಪುವುದಿಲ್ಲ. ದಣಪೆಯಿಂದ ಟಾರು ರಸ್ತೆಯವರೆಗಿನ ದಾರಿ ಕೆಸರಾಗಿರುವುದು ನಿಜ. ಆದರೆ ಅಲ್ಲಿ ನಾವು ಹೋಗುವುದು ನಡಿಗೆಯ ವೇಗದಲ್ಲಿ, ಕಾಲೂರಿಕೊಂಡು. ಅಲ್ಲಿ ಬಿದ್ದರೆ ಹೆಚ್ಚಾಗಿ ಕೊಳೆಯಾಗುವುದು ಬಟ್ಟೆ. ಪ್ರಾಣಕ್ಕೆ ಕುತ್ತು ಬರುವುದು ಐವತ್ತು ಕಿಲೋಮೀಟರ್ ವೇಗದಲ್ಲಿ ಹೋಗುವ ಒದ್ದೆ ಡಾಂಬರಿನ ಮೇಲೆ. ಮರದ ನೆರಳಿನಲ್ಲಿ ಪಾಚಿ ಕಟ್ಟಿದ ತಿರುವು, ದರೆ ಕುಸಿದು ರಸ್ತೆಗೆ ಹರಿದ ಮಣ್ಣು, ಮೊದಲ ಮಳೆಗೆ ಧೂಳು ಮತ್ತು ಎಣ್ಣೆ ಸೇರಿ ಆಗುವ ಜಾರು, ಎದುರಿನಿಂದ ಬರುವ ಲಾರಿ, ಇವುಗಳ ನಡುವೆ ಟೈರು ಹಿಡಿತ ಬಿಡಬಾರದು. ದೊಡ್ಡ ಬಟನ್ ಟೈರಿನಲ್ಲಿ ನೆಲಕ್ಕೆ ತಾಗುವ ರಬ್ಬರು ಕಡಿಮೆ. ಗಟ್ಟಿ ರಸ್ತೆಯಲ್ಲಿ ಬೈಕು ವಾಲಿದಾಗ ಆ ಬಟನ್‌ಗಳು ಬಾಗುತ್ತವೆ. ಒದ್ದೆಯಲ್ಲಿ ಬ್ರೇಕು ಹಾಕಿದಾಗ ಹಿಡಿತ ಸಾಲದು.

ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನೂ ಹುಲಿಕಲ್ ಘಾಟಿಯ ಇಳಿಜಾರನ್ನೂ ಮಳೆಯಲ್ಲಿ ಇಳಿದವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ತುಮರಿ ಕಡೆಯವರು ಹಿಂದೆ ಲಾಂಚಿಗೆ ಕಾದು ಹೊಳೆ ದಾಟುತ್ತಿದ್ದರು. 2025ರ ಜುಲೈನಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆದ ಮೇಲೆ ಬೈಕಿನಲ್ಲಿ ನೇರವಾಗಿ ಸಾಗರಕ್ಕೆ ಬರಬಹುದಾಗಿದೆ. ರಸ್ತೆ ಚೆನ್ನಾದಷ್ಟೂ ವೇಗ ಹೆಚ್ಚುತ್ತದೆ, ಟೈರಿನ ಜವಾಬ್ದಾರಿಯೂ ಹೆಚ್ಚುತ್ತದೆ.

ಹಾಗಾದರೆ ಕೆಸರಿಗೇನು ಮಾಡೋಣ ಎಂದು ಕೇಳಬಹುದು. ಮನೆಯ ದಾರಿ ಮೂರು ನಾಲ್ಕು ಕಿಲೋಮೀಟರ್ ಮಣ್ಣಿನದಾಗಿದ್ದರೆ ಹಿಂದಿನ ಚಕ್ರಕ್ಕೆ ಸಣ್ಣ ಬಟನ್‌ಗಳ, ಎರಡೂ ಬಗೆಯ ರಸ್ತೆಗೆ ಮಾಡಿದ ಟೈರು ಹಾಕಬಹುದು. ಮುಂದಿನ ಚಕ್ರಕ್ಕೆ ರಸ್ತೆಯ ಟೈರೇ ಇರಲಿ. ಗೇಟಿನ ಬಳಿಯ ಒಂದು ಏರಿನಲ್ಲಿ ಮಾತ್ರ ಕಷ್ಟವಿದ್ದರೆ ಅಲ್ಲಿಗೆ ನಾಲ್ಕು ಗಾಡಿ ಜಂಬಿಟ್ಟಿಗೆ ಚೂರು ಹಾಕಿಸಿ, ನೀರು ಹೋಗಲು ಒಂದು ಕಾಲುವೆ ಕಡಿಸಿದರೆ ಸಾಕು. ನೂರು ಗಜ ದಾರಿಗಾಗಿ ಉಳಿದ ಇಪ್ಪತ್ತು ಮೈಲಿಗೆ ಹೊಂದದ ಟೈರು ಹಾಕುವುದು ಜಾಣತನವಲ್ಲ.

ಎರಡನೆಯ ಮಾತು ಮುಂದಿನ ಟೈರಿನದು. ಹಿಂದಿನದು ಬೇಗ ಸವೆಯುವುದರಿಂದ ಅದನ್ನು ಎರಡು ಮೂರು ಬಾರಿ ಬದಲಾಯಿಸಿದರೂ ಮುಂದಿನದನ್ನು ಹಾಗೆಯೇ ಓಡಿಸುವ ರೂಢಿ ನಮ್ಮಲ್ಲಿದೆ. ಬ್ರೇಕು ಹಾಕಿದಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ. ನಿಲ್ಲಿಸುವ ಕೆಲಸದಲ್ಲಿ ಹೆಚ್ಚಿನ ಪಾಲು ಮುಂದಿನ ಚಕ್ರದ್ದು. ಹಿಂದಿನ ಚಕ್ರ ಜಾರಿದರೆ ಕೆಲವೊಮ್ಮೆ ಸಾವರಿಸಿಕೊಳ್ಳಬಹುದು, ಮುಂದಿನದು ಜಾರಿದರೆ ಆ ಅವಕಾಶ ಇಲ್ಲವೆನ್ನುವಷ್ಟು ಕಡಿಮೆ. ಮುಂದಿನ ಟೈರು ಗೆರೆ ಸವೆಯದಿದ್ದರೂ ಬಿಸಿಲು ಮಳೆಗೆ ರಬ್ಬರು ಗಟ್ಟಿಯಾಗಿ ಹಿಡಿತ ಕಳೆದುಕೊಂಡಿರುತ್ತದೆ. ಪಕ್ಕದಲ್ಲಿ ಸಣ್ಣ ಬಿರುಕುಗಳು ಕಂಡರೆ ಗೆರೆ ಎಷ್ಟೇ ಇರಲಿ, ಅದನ್ನು ತೆಗೆಸಬೇಕು. ರೀಸೋಲ್ ಮಾಡಿದ ಅಥವಾ ಗೆರೆ ಕೆತ್ತಿ ಕಪ್ಪು ಬಳಿದ ಹಳೆಯ ಟೈರನ್ನು ಬೈಕಿಗೆ ಹಾಕಲೇಬಾರದೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಇನ್ನು ಕೊಳ್ಳುವಾಗ ನೋಡಬೇಕಾದ ಅಂಶಗಳು. ಟೈರಿನ ಪಕ್ಕದಲ್ಲಿ 80/100-18 54P ಎಂಬಂತೆ ಬರೆದಿರುತ್ತದೆ. 80 ಎಂದರೆ ಮಿಲಿಮೀಟರಿನಲ್ಲಿ ಅಗಲ. 100 ಎಂದರೆ ಎತ್ತರವು ಅಗಲದ ನೂರಕ್ಕೆ ನೂರು. 18 ಎಂದರೆ ಇಂಚಿನಲ್ಲಿ ರಿಮ್ಮಿನ ಅಳತೆ. 54 ಎಂಬುದು ಭಾರದ ಸಂಕೇತ: ಸರಿಯಾದ ಗಾಳಿಯಿದ್ದಾಗ ಆ ಟೈರು ಹೊರಬಲ್ಲದ್ದು 212 ಕಿಲೋ. 47 ಎಂದಿದ್ದರೆ 175 ಕಿಲೋ ಮಾತ್ರ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಹಿಂಡಿ ಚೀಲವನ್ನೂ ಹೇರುವ ನಾವು ಈ ಅಂಕಿಯನ್ನು ನೋಡದೆ ಕೊಳ್ಳಬಾರದು. ಕಂಪನಿಯ ಪುಸ್ತಕದಲ್ಲಿ ಹೇಳಿದ ಅಳತೆಯನ್ನೇ ಹಾಕಿಸಬೇಕು, ಭಾರದ ಅಂಕಿ ಅದಕ್ಕಿಂತ ಕಡಿಮೆ ಇರಕೂಡದು. ನೋಟಕ್ಕಾಗಿ ಅಗಲದ ಟೈರು ಹಾಕಿಸಿದರೆ ಅದು ರಿಮ್ಮಿಗೆ ಸರಿಯಾಗಿ ಕೂರದೆ ತಿರುವಿನಲ್ಲಿ ತೊಂದರೆ ಕೊಡುತ್ತದೆ.

ತಯಾರಾದ ದಿನ ನಾಲ್ಕು ಅಂಕಿಗಳಲ್ಲಿರುತ್ತದೆ. 1225 ಎಂದಿದ್ದರೆ 2025ನೇ ಇಸವಿಯ 12ನೇ ವಾರ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಹಳೆಯ ಜಾವಾ, ಯೆಜ್ಡಿಗಳನ್ನು ಇಂದಿಗೂ ಓಡಿಸುವವರು ಇದನ್ನು ವಿಶೇಷವಾಗಿ ನೋಡಬೇಕು. ಹೆಚ್ಚು ಖರ್ಚಾಗದ ಅಳತೆಯ ಟೈರು ಅಂಗಡಿಯಲ್ಲೇ ವರ್ಷಗಟ್ಟಲೆ ಹಳತಾಗುವ ಸಂಭವವಿದೆ. ಐ.ಎಸ್.ಐ. ಗುರುತು ಇರಲೇಬೇಕು. ಟೈರಿನ ಮೇಲಿನ ಬಾಣದ ಗುರುತು ಚಕ್ರ ತಿರುಗುವ ಕಡೆಗೇ ಇರುವಂತೆ ಕೂರಿಸಿದ್ದಾರೆಯೇ ಎಂದು ನಿಂತು ನೋಡಬೇಕು.

ಟ್ಯೂಬ್‌ಲೆಸ್ ಟೈರಿಗೆ ಮೊಳೆ ಹೊಕ್ಕರೆ ಗಾಳಿ ಸಾಮಾನ್ಯವಾಗಿ ನಿಧಾನವಾಗಿ ಇಳಿಯುತ್ತದೆ, ಚಕ್ರ ಬಿಚ್ಚದೆ ಸರಿಪಡಿಸಬಹುದು. ಕಾಡುದಾರಿಯಲ್ಲಿ ಓಡಾಡುವವರಿಗೆ ಇದು ದೊಡ್ಡ ಅನುಕೂಲ. ಆದರೆ ಅದಕ್ಕೆ ತಕ್ಕ ರಿಮ್ಮು ಬೇಕು. ಸಾಮಾನ್ಯ ಕಡ್ಡಿ ಚಕ್ರಕ್ಕೆ ಅದು ಹೊಂದುವುದಿಲ್ಲ. ಟ್ಯೂಬ್ ಇರುವ ಟೈರು ಹಾಕಿಸುವವರು ಹೊಸ ಟೈರಿನೊಳಗೆ ಹತ್ತು ತೇಪೆಯ ಹಳೆಯ ಟ್ಯೂಬನ್ನು ಹಾಕಿಸದಿರಲಿ.

ದ್ವಿಚಕ್ರ ವಾಹನದ ಟೈರಿನ ಗೆರೆ 0.8 ಮಿಲಿಮೀಟರಿಗಿಂತ ಕಡಿಮೆಯಾಗಕೂಡದೆಂದು ಕೇಂದ್ರ ಮೋಟಾರು ವಾಹನ ನಿಯಮ ಹೇಳುತ್ತದೆ. ಇದು ಇಡೀ ದೇಶಕ್ಕೆ ಹಾಕಿದ ಕನಿಷ್ಠ ಮಿತಿ. ನಮ್ಮ ಆಷಾಢದ ಮಳೆಗೆ ಇದು ಸಾಲದು. 2 ಮಿಲಿಮೀಟರ್ ಉಳಿದಿರುವಾಗಲೇ ಬದಲಾಯಿಸುವುದು ಮೇಲು. ಹೊಸ ಟೈರಿನ ಮೈ ಮೊದಲು ನುಣುಪಾಗಿರುತ್ತದೆ. ನೂರು ಕಿಲೋಮೀಟರ್‌ನಷ್ಟು ಎಚ್ಚರದಿಂದ ಓಡಿಸಿ ಪಳಗಿಸಬೇಕು. ಆದ್ದರಿಂದಲೇ ಮೇ ತಿಂಗಳ ಒಣ ರಸ್ತೆ ಇರುವಾಗ ಹಾಕಿಸಿ ಎನ್ನುತ್ತೇವೆ. ಹದಿನೈದು ದಿನಕ್ಕೊಮ್ಮೆ, ಟೈರು ತಣ್ಣಗಿರುವಾಗ ಗಾಳಿ ನೋಡಿಸಿ. ಕೆಸರಿಗೆಂದು ಗಾಳಿ ಇಳಿಸಿ ಹಾಗೆಯೇ ಪೇಟೆಗೆ ಹೋಗುವುದು ಅಪಾಯ.

ಕಡೆಯದಾಗಿ ಒಂದು ಸಲಹೆ. ಗೊಬ್ಬರ, ತುತ್ತ, ಸುಣ್ಣಗಳನ್ನು ಒಟ್ಟಾಗಿ ತರಿಸಿ ಹಂಚುವುದು ಸಹಕಾರಿ ಸಂಘಗಳಿಗೆ ಹೊಸದಲ್ಲ. ಯುಗಾದಿಯ ಹೊತ್ತಿಗೆ ಸದಸ್ಯರಿಂದ ಟೈರಿನ ಅಳತೆ ಬರೆಸಿಕೊಂಡು, ಹೊಸ ತಯಾರಿಯ ಮಾಲನ್ನೇ ಒಟ್ಟಿಗೆ ತರಿಸಿದರೆ ಬೆಲೆಯಲ್ಲೂ ಚೌಕಾಸಿ ಮಾಡಬಹುದು, ಹಳೆಯ ಮಾಲಿನ ಭಯವೂ ತಪ್ಪುತ್ತದೆ. ಆಡಳಿತ ಮಂಡಳಿಯವರು ಇದನ್ನು ಪರಿಶೀಲಿಸಬೇಕೆಂದು ಕೋರುತ್ತೇವೆ. ಸದಸ್ಯ ಬಾಂಧವರು ತಮ್ಮ ಅಭಿಪ್ರಾಯವನ್ನು ಬರೆದು ತಿಳಿಸಲಿ. ಅದಕ್ಕೂ ಮೊದಲು ಇಂದೇ ಅಂಗಳಕ್ಕಿಳಿದು ತಮ್ಮ ಬೈಕಿನ ಮುಂದಿನ ಟೈರನ್ನೊಮ್ಮೆ ಕೈಯಿಂದ ಸವರಿ ನೋಡಲಿ.